ಚಿಕ್ಕ ಮಕ್ಕಳಿಗೆ ಈಸ್ಟರಿನ ಅರ್ಥ ಹೇಳಿಕೊಡುವುದು ಹೇಗೆ: ಗರಿಗಳ ರವಿವಾರದಿಂದ ಎಮ್ಮಾಹುವಿನ ದಾರಿಯವರೆಗೆ

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು, ಶುರುವಾಯಿತೆಂದರೆ ತಂದೆ-ತಾಯಿಗಳೂ ಸಂಡೇ ಸ್ಕೂಲ್ ನಡೆಸುವವರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ನಾಲ್ಕೈದು ವರ್ಷದ ಕೂಸಿನ ಮುಂದೆ ಶಿಲುಬೆ, ಮೊಳೆ, ಸಾವು ಇವನ್ನೆಲ್ಲ ಎತ್ತಬೇಕೋ ಬೇಡವೋ? ಹೇಳದಿದ್ದರೆ, ಸತ್ತ ಯೇಸು ಮತ್ತೆ ಎದ್ದದ್ದನ್ನು ನೆನೆಯುವ ಈಸ್ಟರ್ ಎಂದರೆ ಬಣ್ಣದ ತತ್ತಿ ಎಂದೇ ಉಳಿದುಬಿಡುತ್ತದೆ. ಹೇಳಿದರೆ ಕೂಸು ರಾತ್ರಿ ಬೆಚ್ಚಿ ಏಳುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಲ್ಲಿ ಸಿಗುವ ಸಾಮಾನಿನಲ್ಲೇ, ಮೂರರಿಂದ ಹತ್ತು ವರ್ಷದ ಮಕ್ಕಳಿಗೆ ಇದನ್ನು ಹೇಳಿಕೊಡುವ ಕ್ರಮ ಕೆಳಗಿದೆ. ಕೆಥೋಲಿಕರು ತಪಸ್ಸು ಕಾಲ ಎನ್ನುತ್ತಾರೆ, ಮೆಥೋಡಿಸ್ಟ್ ಮತ್ತು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರು ಲೆಂಟ್ ಎನ್ನುತ್ತಾರೆ. ಆಚರಣೆಯಲ್ಲಿ ವ್ಯತ್ಯಾಸವಿರುವಲ್ಲಿ ಅದನ್ನೂ ಹೇಳಿದ್ದೇವೆ.

ಶುರು ಮಾಡುವ ಮೊದಲೇ ಒಂದು ಮಾತು. ನಮ್ಮ ಕಡೆ ಎಡವುವುದು ಸಾಮಾನ್ಯವಾಗಿ ಶುಕ್ರವಾರಕ್ಕೇ ಹೆಚ್ಚು ಹೊತ್ತು ಕೊಡುವುದರಲ್ಲಿ. ಯೇಸು ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ, ಅದಕ್ಕೂ ಮೊದಲು ವಾರವಾರ ಶಿಲುಬೆ ಹಾದಿ (ಯೇಸುವಿನ ಕಡೆಯ ಪಯಣವನ್ನು ಹಂತಹಂತವಾಗಿ ನೆನೆಯುವ ಪ್ರಾರ್ಥನೆ), ಕೆಂಪು ಬಣ್ಣ ಸುರಿದ ನಾಟಕ. ರವಿವಾರವೋ ಒಂದು ಆರಾಧನೆ, ಹೊಸ ಅರಿವೆ, ಬಿರಿಯಾನಿ, ನಿದ್ದೆ. ಮಗು ಅರ್ಥವನ್ನು ಅಳೆಯುವುದು ಹೊತ್ತಿನ ಲೆಕ್ಕದಲ್ಲಿ. ಯಾವುದಕ್ಕೆ ದೊಡ್ಡವರು ಹೆಚ್ಚು ಹೊತ್ತು ಕೊಟ್ಟರೋ ಅದೇ ದೊಡ್ಡದು. ಹಾಗಾಗಿ ನೀವು ಹೇಳುವ ಒಟ್ಟು ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ರವಿವಾರಕ್ಕೂ ಅದರ ನಂತರದ ವಾರಗಳಿಗೂ ಇರಲಿ. ಉಳಿದ ಸೂಚನೆಗಳಲ್ಲಿ ಯಾವುದು ಬಿಟ್ಟುಹೋದರೂ ಇದೊಂದು ಬಿಡಬೇಡಿ.

ಹೊಂದಿಸಿಟ್ಟುಕೊಳ್ಳಬೇಕಾದದ್ದು

ಒಂದು ಬೂಟಿನ ಡಬ್ಬಿ ಅಥವಾ ಮುಚ್ಚಳವಿರುವ ಬುಟ್ಟಿ. ಅದರೊಳಗೆ: ಒಂದು ಗರಿ, ಒಣಗಿದ ರೊಟ್ಟಿಯ ಚೂರು, ಕೈ ಒರೆಸುವ ಸಣ್ಣ ಟವೆಲ್, ಒಂದು ಜಾಲಿ ಮುಳ್ಳು, ದಾರದಿಂದ ಕಟ್ಟಿದ ಎರಡು ಕಡ್ಡಿಯ ಶಿಲುಬೆ, ಗೇಣುದ್ದ ಬಿಳಿ ಅರಿವೆ, ಚೂರು ಲೋಬಾನ, ದುಂಡನೆಯ ಕಲ್ಲು. ಎಂಟು ವಸ್ತು ಸಾಕು. ಹೆಚ್ಚಾದರೆ ಮಗುವಿನ ಗಮನ ಕತೆಗಿಂತ ಡಬ್ಬಿಯ ಮೇಲೆ ಹೋಗುತ್ತದೆ. ಜಾಲಿ ಮುಳ್ಳನ್ನು ಗಾಜಿನ ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿಯಿರಿ. ಅದು ಚಪ್ಪಲಿ ತೂರಿ ಬರುವ ಮುಳ್ಳು. ಮುಳ್ಳಿನ ಕಿರೀಟ ಕಟ್ಟಿ ಮಗುವಿನ ತಲೆಗಿಡುವ ಉಸಾಬರಿ ಯಾವ ಕಾರಣಕ್ಕೂ ಬೇಡ. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಬಾಯಿಗೆ ಹೋಗುವಷ್ಟು ಸಣ್ಣ ಕಲ್ಲು ಇಡಬೇಡಿ, ಮುಷ್ಟಿಗಿಂತ ದೊಡ್ಡದಿರಲಿ.

ಒಮ್ಮೆಗೆ ಎಷ್ಟು ಹೊತ್ತು? ಮೂರರಿಂದ ಐದು ವರ್ಷದವರಿಗೆ ಏಳೆಂಟು ನಿಮಿಷ, ಆರರಿಂದ ಎಂಟಕ್ಕೆ ಹದಿನೈದು, ಒಂಬತ್ತು-ಹತ್ತಕ್ಕೆ ಇಪ್ಪತ್ತು. ಮಾರ್ಚ್, ಏಪ್ರಿಲ್ ಹೇಗೂ ಪರೀಕ್ಷೆಯ ಕಾಲ. ಉದ್ದನೆಯ ಪಾಠ ಹಿಡಿಸುವುದಿಲ್ಲ.

1. ದಿನ ಗೊತ್ತುಮಾಡಿಕೊಳ್ಳಿ

ಈಸ್ಟರ್ ಪ್ರತಿ ವರ್ಷ ಬೇರೆ ದಿನ ಬರುತ್ತದೆ. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ರವಿವಾರವೇ ಈಸ್ಟರ್. ಹೀಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿಯಾದರೂ ಬೀಳಬಹುದು. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ ದವನದ ಹುಣ್ಣಿಮೆ, ಕೆಲವು ವರ್ಷ ಹೋಳಿ ಹುಣ್ಣಿಮೆ ಮುಗಿದ ರವಿವಾರ.

ಹುಣ್ಣಿಮೆಯ ನಂಟು ಬಂದದ್ದು ಯೆಹೂದ್ಯರ ಪಸ್ಕಹಬ್ಬದಿಂದ. ಐಗುಪ್ತದ ಗುಲಾಮಗಿರಿಯಿಂದ ದೇವರು ತಮ್ಮ ಹಿರಿಯರನ್ನು ಬಿಡಿಸಿದ್ದನ್ನು ನೆನೆಯುವ ಹಬ್ಬ ಅದು. ಯೇಸುವನ್ನು ಹಿಡಿದದ್ದು ಆ ಹಬ್ಬದ ಹೊತ್ತಿನಲ್ಲಿ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ರಾತ್ರಿ ಮಕ್ಕಳನ್ನು ಮಾಳಿಗೆ ಮೇಲೆ ಕರೆದೊಯ್ದು ಚಂದ್ರನನ್ನು ತೋರಿಸಿ. ಪೂರ್ಣ ದುಂಡಗೋ, ತುಸು ಕಡಿಮೆಯೋ ಇರುತ್ತಾನೆ. ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸುವಾಗಲೂ ಇಂಥದೇ ಬೆಳದಿಂಗಳ ದಿನಗಳು ಎಂದರೆ ಆರು ವರ್ಷದವರಿಗೂ ನಾಟುತ್ತದೆ. ಹುಣ್ಣಿಮೆ ಕಳೆದು ಮೂರ್ನಾಲ್ಕು ದಿನವಾಗಿದ್ದರೆ ಚಂದ್ರ ಏಳುವುದು ತಡ. ಆಗ ಹಟ ಮಾಡಿ ಕಾಯಿಸಬೇಡಿ.

2. ಸಮಾಧಿಯ ತೋಟ ಬಿತ್ತಿ

ಈಸ್ಟರಿಗೆ ಎಂಟು ಅಥವಾ ಒಂಬತ್ತು ದಿನ ಮೊದಲು, ಅಂದರೆ ಗರಿಗಳ ರವಿವಾರದ (ಈಸ್ಟರಿಗೆ ಒಂದು ವಾರ ಮುಂಚಿನ ರವಿವಾರ) ಹಿಂದಿನ ಶುಕ್ರವಾರ ಅಥವಾ ಶನಿವಾರ ಬಿತ್ತಿ. ಒಂದು ಅಡಿ ಅಗಲ, ಮೂರು ಇಂಚು ಆಳದ ತಟ್ಟೆ ಅಥವಾ ಹಳೆಯ ಪ್ಲಾಸ್ಟಿಕ್ ಟಬ್ಬು, ತಳಕ್ಕೆ ಐದಾರು ತೂತು. ಎರಡು ಪಾಲು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಪುಡಿಯಾದ ಹಳೆಯ ಗೊಬ್ಬರ. ಬರೀ ಎರಿ ಮಣ್ಣು ಹಾಕಿದರೆ ಆಗುವುದು ಇಷ್ಟೇ: ಬಿಸಿಲಿಗೆ ಮೇಲೆ ಹೆಕ್ಕೆ ಕಟ್ಟಿ ಬಿರಿಯುತ್ತದೆ, ಮೊಳಕೆ ಮೇಲೆ ಬರಲಾರದೆ ಒಳಗೇ ಬಾಗುತ್ತದೆ. ಒಂದು ಹಿಡಿ ಗೋದಿಯನ್ನು ರಾತ್ರಿ ನೆನೆಯಿಟ್ಟು ಬೆಳಿಗ್ಗೆ ಒತ್ತೊತ್ತಾಗಿ ಚೆಲ್ಲಿ, ಮೇಲೆ ಅರ್ಧ ಸೆಂಟಿಮೀಟರಿನಷ್ಟು ಮಣ್ಣು ಉದುರಿಸಿ, ಎರಡು ದಿನ ಒದ್ದೆ ಅರಿವೆ ಮುಚ್ಚಿ. ಮೂರನೇ ದಿನ ಬಿಳಿ ಮೊಳಕೆ ಕಾಣುತ್ತದೆ, ಎಂಟನೇ ದಿನಕ್ಕೆ ಮೂರ್ನಾಲ್ಕು ಇಂಚು ಹಸಿರು. ನೇರ ಬಿಸಿಲಿಗಿಡದೆ ಕಟ್ಟೆಯ ನೆರಳಲ್ಲಿಡಿ. ದಿನಕ್ಕೆ ಎರಡು ಸಲ ಕೈಯಲ್ಲಿ ನೀರು ಚಿಮುಕಿಸಿ, ಚರಿಗೆಯಿಂದ ಸುರಿದರೆ ಕಾಳು ಒಂದೆಡೆ ಕೊಚ್ಚಿಹೋಗುತ್ತದೆ. ಹದಿನೈದು ದಿನ ಮೊದಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಸಸಿ ಹಳದಿಯಾಗಿ ಮಲಗಿರುತ್ತದೆ.

ತಟ್ಟೆಯ ಒಂದು ಮೂಲೆಯಲ್ಲಿ ಒಡೆದ ಕುಡಿಕೆಯನ್ನು ಅಡ್ಡ ಮಲಗಿಸಿ ಅರ್ಧ ಹೂಳಿ. ಅದೇ ಸಮಾಧಿ. ಶುಕ್ರವಾರದವರೆಗೆ ಬಾಯಿ ತೆರೆದೇ ಇರಲಿ.

ನೆರೆಮನೆಯಲ್ಲಿ ದಸರೆಗೆ ಘಟ್ಟ ಹಾಕುವುದನ್ನು ನೋಡಿದ ಮಗು "ಇದೂ ಘಟ್ಟ ಏನ?" ಎಂದು ಕೇಳೇ ಕೇಳುತ್ತದೆ. ಸಸಿ ಬೆಳೆಸುವ ರೀತಿ ಒಂದೇ, ನಾವು ನೆನೆಯುವುದು ಯೇಸುವಿನ ಸಮಾಧಿ ಇದ್ದ ತೋಟವನ್ನು ಎಂದು ನೆಟ್ಟಗೆ ಹೇಳಿ. ಇನ್ನೊಬ್ಬರ ಹಬ್ಬವನ್ನು ಹಗುರ ಮಾಡಿ ನಮ್ಮದನ್ನು ಕಲಿಸುವ ಅಗತ್ಯವಿಲ್ಲ.

ಗೋದಿಯ ಕಾಳು ಭೂಮಿಗೆ ಬಿದ್ದು ಸತ್ತರೆ ಬಹಳ ಫಲ ಕೊಡುತ್ತದೆ ಎಂಬ ಯೇಸುವಿನ ಮಾತು ಬೈಬಲಿನ ಯೋಹಾನ 12:24ರಲ್ಲಿದೆ. ಬಿತ್ತುವಾಗ ಅದನ್ನು ಓದಬಹುದು. ಆದರೆ ಅಲ್ಲಿಗೇ ನಿಲ್ಲಿಸಿ. "ಬೀಜ ಮೊಳೆತ ಹಾಗೆ ಯೇಸುವೂ ಎದ್ದ" ಎಂದುಬಿಟ್ಟರೆ, ಸತ್ತವರೆಲ್ಲ ತಾವಾಗಿಯೇ ಏಳುವುದು ಲೋಕದ ಪದ್ಧತಿ ಎಂದು ಮಗು ತಿಳಿಯುತ್ತದೆ. ಬೀಜ ಮೊಳೆಯುವುದು ವರ್ಷವರ್ಷ ನಡೆಯುವ ಕೆಲಸ. ಪುನರುತ್ಥಾನ, ಅಂದರೆ ಸತ್ತವನು ಮತ್ತೆಂದೂ ಸಾಯದ ಹಾಗೆ ಎದ್ದುಬರುವುದು, ದೇವರು ಮಾಡಿದ ಕೆಲಸ.

3. ಗರಿಗಳ ರವಿವಾರ

ಇದು ಸುಲಭ, ಬೇಗ ಮುಗಿಸಿ. ಚರ್ಚಿನಲ್ಲಿ ಕೊಟ್ಟ ಗರಿಯನ್ನೇ ಡಬ್ಬಿಗೆ ಹಾಕಿ. ಯೇಸು ಕತ್ತೆಯ ಮೇಲೆ ಯೆರೂಸಲೇಮಿಗೆ ಬಂದ, ಜನ ದಾರಿಯಲ್ಲಿ ಅರಿವೆ ಹಾಸಿ "ಹೊಸನ್ನ" ಎಂದು ಕೂಗಿದರು, ಅಂದರೆ "ನಮ್ಮನ್ನು ಕಾಪಾಡು". ದೊಡ್ಡ ಮಕ್ಕಳಿಗೆ ಒಂದು ಪ್ರಶ್ನೆ ಬಿಡಿ: ರಾಜರು ಕುದುರೆ ಮೇಲೆ ಬರುತ್ತಾರೆ, ಈತ ಯಾಕೆ ಕತ್ತೆ ಹತ್ತಿದ? ಉತ್ತರವನ್ನು ನೀವೇ ಹೇಳಿಬಿಡದೆ ಶುಕ್ರವಾರದವರೆಗೆ ಬಿಡಿ.

4. ಗುರುವಾರ: ಕಾಲು ತೊಳೆಯುವುದು

ವಾರದಲ್ಲಿ ಮಕ್ಕಳ ಮೈಗೆ ಹತ್ತುವ ಪಾಠ ಇದು, ಹೊತ್ತು ಕೊಡಿ. ನಮ್ಮ ಹಳ್ಳಿ ಮನೆಗಳಲ್ಲಿ ಬಂದವರಿಗೆ ಚರಿಗೆಯಲ್ಲಿ ಕಾಲಿಗೆ ನೀರು ಕೊಡುವುದನ್ನು ಮಕ್ಕಳು ನೋಡಿರುತ್ತಾರೆ. ನೀರು ನಾವು ಕೊಡುತ್ತೇವೆ, ಕಾಲು ಅವರೇ ತೊಳೆದುಕೊಳ್ಳುತ್ತಾರೆ. ಯೋಹಾನ 13ರಲ್ಲಿ ಯೇಸು ಮಾಡಿದ್ದು ಬೇರೆ. ಟವೆಲ್ ಸುತ್ತಿಕೊಂಡು, ನೆಲಕ್ಕೆ ಬಗ್ಗಿ, ಶಿಷ್ಯರ ಧೂಳುಗಾಲನ್ನು ತನ್ನ ಕೈಯಿಂದ ತೊಳೆದು ಒರೆಸಿದ. ಗುರು ಮಾಡುವ ಕೆಲಸವಲ್ಲ ಅದು ಎಂದು ಪೇತ್ರನೆಂಬ ಶಿಷ್ಯ ಬೇಡವೆಂದ.

ಒಂದು ಬೋಗುಣಿ ನೀರು, ಚರಿಗೆ, ಟವೆಲ್ ತನ್ನಿ. ಮೊದಲು ಮನೆಯ ಹಿರಿಯರು ಮಗುವಿನ ಕಾಲು ತೊಳೆಯಲಿ. ಅಪ್ಪನೋ ಅಜ್ಜನೋ ಬಗ್ಗಿದಾಗ ಮಗು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ, ನಾಚುತ್ತದೆ, ನಗುತ್ತದೆ. ಪೇತ್ರನಿಗೆ ಆದದ್ದು ಅದೇ ಎಂದು ಆ ಕ್ಷಣದಲ್ಲೇ ಹೇಳಿ. ಆಮೇಲೆ ಮಗು ತಮ್ಮನದೋ ತಂಗಿಯದೋ ಕಾಲು ತೊಳೆಯಲಿ. ಹಿರಿಯರ ಕಾಲು ಮಾತ್ರ ತೊಳೆಸಿದರೆ ಪಾಠ ತಲೆಕೆಳಗಾಗುತ್ತದೆ, ಅದು ನಮಸ್ಕಾರವಾಗಿ ಉಳಿಯುತ್ತದೆ.

ಆ ರಾತ್ರಿ ಯೇಸು ಶಿಷ್ಯರ ಜೊತೆ ಉಂಡ ಕಡೇ ಊಟದ ಬಗ್ಗೆ ಹೇಳುವಾಗ ರೊಟ್ಟಿಯ ಚೂರು ತೋರಿಸಿ. ಪಸ್ಕದ ರೊಟ್ಟಿಗೆ ಹುಳಿಹಿಟ್ಟು ಹಾಕುತ್ತಿರಲಿಲ್ಲ, ನಮ್ಮ ಜೋಳದ ರೊಟ್ಟಿಗೂ ಹಾಕುವುದಿಲ್ಲ. ಪಾವಿಗಿಂತ ಇದೇ ಹತ್ತಿರ. ಆದರೆ ಮನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿ ಪ್ರಭುಭೋಜನದ ಆಟ ಆಡಿಸಬೇಡಿ. ಕೆಥೋಲಿಕರಿಗೆ ಅದು ಪರಮಪ್ರಸಾದ, ಉಳಿದ ಸಭೆಗಳಿಗೂ ಸಂಸ್ಕಾರ. ಆಟದಲ್ಲಿ ಒಮ್ಮೆ ಹಗುರಾದದ್ದನ್ನು ಮತ್ತೆ ಗಂಭೀರ ಮಾಡುವುದು ಕಷ್ಟ.

5. ಶುಕ್ರವಾರ: ಎಷ್ಟು ಹೇಳಬೇಕು

ಮೂರರಿಂದ ಐದು ವರ್ಷದವರಿಗೆ ನಾಲ್ಕೇ ವಾಕ್ಯ. "ಯೇಸು ಯಾವ ತಪ್ಪೂ ಮಾಡಿರಲಿಲ್ಲ. ಆದರೂ ಅವನನ್ನ ಶಿಲುಬೆಗೆ ಹಾಕಿದರು, ಅವನು ಸತ್ತ. ಗೆಳೆಯರು ಅಳುತ್ತ ಬಂಡೆಯ ಗವಿಯೊಳಗ ಇಟ್ಟು ಕಲ್ಲು ಮುಚ್ಚಿದರು. ಕತಿ ಇನ್ನೂ ಮುಗದಿಲ್ಲ." ಕಡೆಯ ವಾಕ್ಯ ಮರೆಯಬೇಡಿ. ಸತ್ತ ಎಂಬುದನ್ನು "ಮಲಗಿದ" ಎಂದು ಬದಲಿಸಬೇಡಿ. ಆ ರಾತ್ರಿ ಮಗುವಿಗೆ ನಿದ್ದೆ ಹೋಗಲು ಹೆದರಿಕೆ ಆಗುತ್ತದೆ, ರವಿವಾರದ ಸುದ್ದಿಯೂ ಬರೀ ಎಚ್ಚರವಾದ ಸುದ್ದಿಯಾಗುತ್ತದೆ.

ಆರರಿಂದ ಎಂಟಕ್ಕೆ ಪೇತ್ರನನ್ನು ಸೇರಿಸಿ. ಮೂರು ಸಲ "ಅವನನ್ನು ನಾನು ಅರಿಯೆ" ಎಂದ, ಕೋಳಿ ಕೂಗಿತು, ಹೊರಗೆ ಹೋಗಿ ಅತ್ತ. ಶಿಲುಬೆಯ ಮೇಲಿಂದ ಯೇಸು ತನ್ನನ್ನು ಕೊಲ್ಲುತ್ತಿದ್ದವರನ್ನು ಕ್ಷಮಿಸುವಂತೆ ತಂದೆಯನ್ನು ಬೇಡಿಕೊಂಡದ್ದನ್ನೂ ಹೇಳಿ, ಲೂಕ 23:34. ಒಂಬತ್ತು-ಹತ್ತು ವರ್ಷದವರಿಗೆ ರೋಮಿನ ಅಧಿಪತಿ ಪಿಲಾತನ ಮುಂದಿನ ವಿಚಾರಣೆ, ದೇವಾಲಯದ ತೆರೆ ಮೇಲಿಂದ ಕೆಳಗೆ ಹರಿದದ್ದು ಹೇಳಬಹುದು. ದೇವರಿಗೂ ಮನುಷ್ಯರಿಗೂ ನಡುವಿದ್ದ ಅಡ್ಡಿ ಹೋಯಿತು ಎಂಬುದಕ್ಕೆ ಅದು ಗುರುತು. ಮೊಳೆ, ಬಾರುಕೋಲುಗಳ ವರ್ಣನೆ ಯಾವ ವಯಸ್ಸಿಗೂ ಬೇಡ. ಯೇಸುವಿನ ಕತೆ ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಾದ ಸುವಾರ್ತೆಗಳೇ ಶಿಲುಬೆಗೆ ಹಾಕಿದ್ದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಮೊಬೈಲಿನಲ್ಲಿ ಹರಿದಾಡುವ ಸಿನಿಮಾದ ತುಣುಕುಗಳನ್ನು ಕಡ್ಡಾಯವಾಗಿ ದೂರವಿಡಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, "ನೀ ತಪ್ಪು ಮಾಡಿದ್ದಕ್ಕ ಯೇಸು ಸತ್ತ" ಎಂದು ಮಗುವಿಗೆ ಬೆರಳು ತೋರಿಸುವುದು. ನಾಲ್ಕು ವರ್ಷದ ಕೂಸು ತಾನು ನಿನ್ನೆ ಹಾಲು ಚೆಲ್ಲಿದ್ದಕ್ಕೇ ಹೀಗಾಯಿತು ಎಂದುಕೊಳ್ಳುತ್ತದೆ. "ನಮ್ಮೆಲ್ಲರನ್ನೂ ಪ್ರೀತಿಸಿ ತನ್ನ ಪ್ರಾಣ ಕೊಟ್ಟ" ಎಂದರೆ ಸಾಕು. ಪಾಪದ ಮಾತು ಎಂಟು ವರ್ಷದ ಮೇಲೆ, ಎಲ್ಲರನ್ನೂ ಸೇರಿಸಿ. ಎರಡು, "ಯೆಹೂದ್ಯರು ಕೊಂದರು" ಎನ್ನುವುದು. ಯೇಸು, ಮರಿಯಳು, ಹನ್ನೆರಡು ಶಿಷ್ಯರು ಎಲ್ಲರೂ ಯೆಹೂದ್ಯರೇ. ಶಿಲುಬೆ ರೋಮಿನವರ ಶಿಕ್ಷೆ, ತೀರ್ಪು ಕೊಟ್ಟವನು ರೋಮಿನ ಅಧಿಪತಿ. ಆ ಸಾವಿನ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಬಾರದು ಎಂದು ಕೆಥೋಲಿಕ್ ಸಭೆ 1965ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಸಾರಿದೆ.

ಸಂಜೆ ಬಿಳಿ ಅರಿವೆಯನ್ನೂ ಲೋಬಾನದ ಚೂರನ್ನೂ ಕುಡಿಕೆಯೊಳಗಿಟ್ಟು ಮಗುವಿನ ಕೈಯಿಂದಲೇ ಕಲ್ಲು ಮುಚ್ಚಿಸಿ. ಸಮಾಧಿ ಎಂದರೆ ವಿಜಯಪುರದ ಮಕ್ಕಳ ಕಣ್ಣಿಗೆ ಗೋಳಗುಮ್ಮಟ ಬರುತ್ತದೆ. ಹಾಗಲ್ಲ, ಬಾದಾಮಿಯ ಗುಹೆಗಳ ಹಾಗೆ ಬಂಡೆಯಲ್ಲೇ ಕೊರೆದದ್ದು, ಆದರೆ ಸಣ್ಣದು, ಬಾಯಿಗೆ ಉರುಳಿಸುವ ಕಲ್ಲು ಎಂದು ತಿದ್ದಿ. ಅದೂ ಯೇಸುವಿನದಲ್ಲ. ಅರಿಮಥಾಯದ ಯೋಸೇಫ ತನಗಾಗಿ ಕೊರೆಸಿದ್ದು.

ಶಿಲುಬೆ ಹಾದಿಯ 14 ನಿಲ್ದಾಣಗಳು ಸಮಾಧಿಯಲ್ಲಿ ಮುಗಿಯುತ್ತವೆ. ಪುಟ್ಟ ಮಕ್ಕಳನ್ನು ಅದಕ್ಕೆ ಕರೆದೊಯ್ದರೆ ಮನೆಗೆ ಬರುವ ದಾರಿಯಲ್ಲಿ ಆ ಕಡೆಯ ವಾಕ್ಯವನ್ನು ಮತ್ತೊಮ್ಮೆ ಹೇಳಿ. ಮೂರು ತಾಸಿನ ಆರಾಧನೆಗೆ ಐದು ವರ್ಷದೊಳಗಿನವರನ್ನು ಪೂರ್ತಿ ಕೂರಿಸುವುದು ಅವರಿಗೂ ಶಿಕ್ಷೆ, ಹಿಂದೆ ಕೂತವರಿಗೂ.

6. ಶನಿವಾರ

ಏನೂ ಮಾಡಬೇಡಿ. ಕಲ್ಲು ತೆಗೆಯಬೇಡಿ, ಮಗು ಕೇಳಿದರೂ. ಕೆಥೋಲಿಕ್ ಮನೆಯವರು ರಾತ್ರಿಯ ಜಾಗರಣೆಗೆ ಹೋಗುವುದಾದರೆ ಹೊಸ ಬೆಂಕಿ, ಅದರಿಂದ ಹಚ್ಚುವ ಪಾಸ್ಕದ ದೊಡ್ಡ ಮೇಣದ ಬತ್ತಿ, ಅದರ ಮೇಲೆ ಕೊರೆದ ಆ ವರ್ಷದ ಅಂಕಿಗಳನ್ನು ಮಗುವಿಗೆ ಹತ್ತಿರದಿಂದ ತೋರಿಸಿ. ತಪಸ್ಸು ಕಾಲದುದ್ದಕ್ಕೂ ಹಾಡದ "ಅಲ್ಲೆಲೂಯ" ಎಂಬ ಸ್ತುತಿ ಆ ರಾತ್ರಿ ಮತ್ತೆ ಬರುತ್ತದೆ. ಅದನ್ನು ಮೊದಲು ಕೇಳಿಸಿಕೊಂಡವರು ಯಾರು ಎಂದು ಮಕ್ಕಳ ನಡುವೆ ಪಂದ್ಯ ಕಟ್ಟಬಹುದು.

7. ರವಿವಾರ ಬೆಳಗಿನ ಜಾವ

ಮಕ್ಕಳು ಏಳುವ ಮೊದಲು ನೀವೆದ್ದು ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಅರಿವೆಯನ್ನು ಮಡಚಿ ಒಳಗೇ ಇಡಿ. ಬೇರೆ ಏನೂ ಇಡಬೇಡಿ. ಗೊಂಬೆ ಬೇಡ, ಮಿಠಾಯಿ ಬೇಡ. ಸಮಾಧಿ ಖಾಲಿ ಇತ್ತು ಎಂಬುದೇ ಸುದ್ದಿ, ಅದರೊಳಗೆ ಚಾಕೊಲೇಟ್ ಇಟ್ಟರೆ ಸುದ್ದಿ ಚಾಕೊಲೇಟಿನದಾಗುತ್ತದೆ.

ಬೆಳಗಿನ ಆರಾಧನೆಗೆ ಮೊದಲೇ, ಬೆಳಕು ಹರಿಯುವಾಗ ಮಕ್ಕಳನ್ನು ತಟ್ಟೆಯ ಮುಂದೆ ಕೂರಿಸಿ ಕತೆ ಹೇಳಿ. ಹೆಂಗಸರು ಸುಗಂಧದ್ರವ್ಯ ಹಿಡಿದು ಹೊರಟರು. ದಾರಿಯಲ್ಲಿ ಅವರ ಚಿಂತೆ ಒಂದೇ: ಆ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ? ಮಾರ್ಕ 16:3ರ ಈ ಮಾತು ಮಕ್ಕಳಿಗೆ ಬಹಳ ಹಿಡಿಸುತ್ತದೆ, ಯಾಕೆಂದರೆ ತಟ್ಟೆಯ ಸಮಾಧಿಗೆ ಕಲ್ಲು ಮುಚ್ಚಿದವರು ಮಕ್ಕಳೇ. ಹೋಗಿ ನೋಡಿದರೆ ಕಲ್ಲು ಪಕ್ಕಕ್ಕಿದೆ. ಆಮೇಲೆ ಯೋಹಾನ 20: ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಅಳುತ್ತ ನಿಂತಿದ್ದಾಳೆ, ಎದುರಿಗೆ ಬಂದವನನ್ನು ತೋಟದವನು ಅಂದುಕೊಂಡಿದ್ದಾಳೆ. ಅವನು "ಮರಿಯಳೇ" ಎಂದು ಹೆಸರು ಹಿಡಿದು ಕರೆದ. ಗುರುತು ಸಿಕ್ಕಿತು. ಇಲ್ಲಿ ಸ್ವಲ್ಪ ತಡೆದು ನಿಮ್ಮ ಮಗುವಿನ ಹೆಸರನ್ನು ಅದೇ ದನಿಯಲ್ಲಿ ಕರೆಯಿರಿ.

ಯೇಸು ಸಮಾಧಿ ಒಡೆದು ಹಾರಿ ಬಂದ ಎಂದು ನಾಟಕದಲ್ಲಿ ತೋರಿಸುವುದುಂಟು. ನಾಲ್ಕೂ ಸುವಾರ್ತೆಗಳಲ್ಲಿ ಏಳುವ ಆ ಕ್ಷಣವನ್ನು ಯಾರೂ ಕಂಡದ್ದಾಗಿ ಬರೆದಿಲ್ಲ. ಕಂಡದ್ದು ಖಾಲಿ ಸಮಾಧಿ, ಆಮೇಲೆ ಕಂಡದ್ದು ಜೀವಂತ ಯೇಸು. ಮಕ್ಕಳಿಗೂ ಅಷ್ಟೇ ಹೇಳಿ.

ಕೆಲವು ಸಭೆಗಳವರು ಬೆಳಗಿನ ಜಾವ ಸ್ಮಶಾನದಲ್ಲೇ ಪ್ರಾರ್ಥನೆ ಇಡುತ್ತಾರೆ, ಗೋರಿಗಳಿಗೆ ಹೂ, ಮೇಣದ ಬತ್ತಿ. ಮಗುವನ್ನು ಧಾರಾಳವಾಗಿ ಕರೆದೊಯ್ಯಿರಿ. ಹಿಂದಿನ ರಾತ್ರಿಯೇ ಎಲ್ಲಿಗೆ, ಯಾಕೆ ಎಂದು ಹೇಳಿಟ್ಟಿರಿ.

ತತ್ತಿಯ ಮಾತು. ಹಬ್ಬಕ್ಕೆ ಬಣ್ಣದ ತತ್ತಿ ಬೇಕೇ ಬೇಕೆಂದರೆ ಮಾಡಿ, ಕತೆ ಮುಗಿದ ಮೇಲೆ ಮಾತ್ರ. ಹಳೆಯ ಕಾಲದಲ್ಲಿ ಉಪವಾಸದ ದಿನಗಳಲ್ಲಿ ತತ್ತಿ ತಿನ್ನುತ್ತಿರಲಿಲ್ಲ, ಹಬ್ಬದಂದು ಮತ್ತೆ ತಿನ್ನುತ್ತಿದ್ದರು. ಒಡೆದ ಚಿಪ್ಪು ಖಾಲಿ ಸಮಾಧಿಯ ಗುರುತಾಯಿತು. ಎರಡು ಹಿಡಿ ಉಳ್ಳಾಗಡ್ಡಿ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ ಸೋಸಿ, ಎರಡು ಚಮಚ ವಿನೆಗರ್ ಹಾಕಿ, ಬೇಯಿಸಿದ ಆರು ತತ್ತಿಗಳನ್ನು ಅರ್ಧ ತಾಸು ಮುಳುಗಿಸಿಡಿ. ಇಟ್ಟಿಗೆ ಕೆಂಪು ಬರುತ್ತದೆ. ಜವಾರಿ ತತ್ತಿಯ ಮೇಲೆ ಬಣ್ಣ ಮಂಕು, ಬಿಳಿ ತತ್ತಿಯೇ ಒಳ್ಳೆಯದು. ಈ ಬಿಸಿಲಿನಲ್ಲಿ ಬೇಯಿಸಿದ ತತ್ತಿ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಹಿತ್ತಲಲ್ಲಿ ಬಚ್ಚಿಟ್ಟು ಹುಡುಕಿಸುವುದಾದರೆ ಆ ತತ್ತಿಗಳನ್ನು ತಿನ್ನಲು ಕೊಡಬೇಡಿ.

8. ಮುಂದಿನ ವಾರಗಳು

ಹೆಚ್ಚಿನವರು ಡಬ್ಬಿ ಎತ್ತಿಡುವುದು ಇಲ್ಲೇ. ಎದ್ದ ಮೇಲೆ ಯೇಸು ನಲವತ್ತು ದಿನ ಶಿಷ್ಯರಿಗೆ ಕಾಣಿಸಿಕೊಂಡ, ಸಭೆಗಳೂ ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದದ್ದನ್ನು ನೆನೆಯುವ ಪಂಚಾಶತ್ತಮ ಹಬ್ಬದವರೆಗೆ 50 ದಿನ ಈಸ್ಟರ್ ಕಾಲ ಎಂದೇ ಎಣಿಸುತ್ತವೆ. ಪರೀಕ್ಷೆ ಮುಗಿದು ರಜೆ ಬಂದಿರುತ್ತದೆ. ವಾರಕ್ಕೊಂದು ಕತೆ ಹೇಳಿ.

ಮೊದಲ ವಾರ ತೋಮನೆಂಬ ಶಿಷ್ಯನ ಕತೆ, ಯೋಹಾನ 20:24ರಿಂದ. ನೋಡದೆ ನಂಬೆನೆಂದವನನ್ನು ಯೇಸು ಗದರಿಸಿ ಓಡಿಸಲಿಲ್ಲ, ಎಂಟು ದಿನದ ಮೇಲೆ ಅವನಿಗಾಗಿ ಮತ್ತೆ ಬಂದ. ಪ್ರಶ್ನೆ ಕೇಳುವ ಮಕ್ಕಳಿಗೆ ಇದು ದೊಡ್ಡ ಧೈರ್ಯ. ಎರಡನೇ ವಾರ ಎಮ್ಮಾಹು ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರ ಕತೆ, ಲೂಕ 24. ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರ್, ಬೆಳಗಾವಿಯಿಂದ ಸಾಂಬ್ರಾಕ್ಕೆ ನಡೆದಷ್ಟು. ಅಷ್ಟು ದೂರ ಜೊತೆಗೆ ನಡೆದರೂ ಗುರುತು ಸಿಗದ ಯೇಸು, ರೊಟ್ಟಿ ಮುರಿದಾಗ ಗುರುತು ಸಿಕ್ಕ.

ಮೂರನೇ ವಾರ ಯೋಹಾನ 21, ಹತ್ತು ವರ್ಷದವರೂ ಬಾಯಿಬಿಟ್ಟು ಕೇಳುವ ಕತೆ. ಕೆರೆಯ ದಂಡೆಯಲ್ಲಿ ಯೇಸು ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ನಾಷ್ಟಾಕ್ಕೆ ಕರೆಯುತ್ತಾನೆ, ಬಲೆಯಲ್ಲಿ 153 ಮೀನು. ಆಲಮಟ್ಟಿ ಹಿನ್ನೀರಿನ ಮೀನು ಸಿಗುವ ಕಡೆಯವರು ಅಂದು ಬೆಳಿಗ್ಗೆ ಇದ್ದಿಲಿನ ಮೇಲೆ ಮೀನು ಸುಟ್ಟು, ತಿನ್ನುತ್ತ ಕತೆ ಹೇಳಿ. ಪೇತ್ರ ಯೇಸುವನ್ನು ಅರಿಯೆನೆಂದದ್ದು ಕೆಂಡದ ಮುಂದೆ ಚಳಿ ಕಾಯಿಸುತ್ತ. "ನನ್ನನ್ನು ಪ್ರೀತಿಸುತ್ತೀಯಾ" ಎಂದು ಯೇಸು ಮೂರು ಸಲ ಕೇಳಿದ್ದೂ ಕೆಂಡದ ಪಕ್ಕದಲ್ಲೇ. ದೊಡ್ಡ ಮಕ್ಕಳಿಗೆ ಎರಡೂ ಕೆಂಡಗಳನ್ನು ನೆನಪಿಸಿ ಸುಮ್ಮನಿರಿ. ಅವರೇ ಕೂಡಿಸುತ್ತಾರೆ.

ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆಗಳು

"ಹಂಗಾದ್ರ ಯೇಸು ದೆವ್ವ ಆಗಿ ಬಂದ್ನ?" ಶಿಷ್ಯರೂ ಮೊದಲು ಹಾಗೇ ಹೆದರಿದರು. ಅದಕ್ಕೇ ಯೇಸು ಕೈಕಾಲು ತೋರಿಸಿ, ಸುಟ್ಟ ಮೀನಿನ ತುಂಡನ್ನು ಅವರ ಮುಂದೆಯೇ ತಿಂದ. ದೆವ್ವ ಊಟ ಮಾಡುವುದಿಲ್ಲ ಎಂದರೆ ಐದು ವರ್ಷದವರಿಗೆ ಸಮಾಧಾನ.

"ಶುಕ್ರವಾರದಿಂದ ರವಿವಾರಕ್ಕ ಎರಡ ದಿನ ಆಗ್ತಾವಲ್ಲ?" ಆ ಕಾಲದವರು ಶುರುವಿನ ದಿನವನ್ನೂ ಸೇರಿಸಿ ಎಣಿಸುತ್ತಿದ್ದರು. ಮೂರು ಬೆರಳು ಮಡಚಿಸಿ: ಶುಕ್ರ, ಶನಿ, ರವಿ. ರವಿವಾರವೇ ಮೂರನೇ ದಿನ.

"ನಮ್ಮ ಅಜ್ಜನೂ ಮೂರ ದಿನಕ್ಕ ಎದ್ದ ಬರ್ತಾನೇನ?" ಇತ್ತೀಚೆಗೆ ಸಾವಾದ ಮನೆಯಲ್ಲಿ ಇದು ಖಂಡಿತ ಬರುತ್ತದೆ. ಸುತ್ತಿ ಬಳಸಿ ಹೇಳಬೇಡಿ. "ಇಲ್ಲಪ್ಪಾ, ಅಜ್ಜ ಈಗ ಬರೂದಿಲ್ಲ. ಯೇಸು ಮೊದಲು ಎದ್ದಾನ. ತನ್ನವರನ್ನೆಲ್ಲ ಎಬ್ಬಿಸ್ತೀನಿ ಅಂತ ಮಾತು ಕೊಟ್ಟಾನ. ಅದು ಯಾವತ್ತು ಅಂತ ದೇವರಿಗೆ ಗೊತ್ತು." ಮಗು ಅತ್ತರೆ ಅಳಲಿ. ಮರಿಯಳೂ ತೋಟದಲ್ಲಿ ಅಳುತ್ತಲೇ ನಿಂತಿದ್ದಳು.

ಕತೆ ಮನಸ್ಸಿಗೆ ಇಳಿಯಿತೋ ಇಲ್ಲವೋ ನೋಡಲು ಪ್ರಶ್ನೆ ಕೇಳಬೇಡಿ, ಡಬ್ಬಿಯನ್ನು ಮಗುವಿನ ಮುಂದಿಟ್ಟು "ನೀನೇ ಹೇಳು" ಎನ್ನಿ. ವಸ್ತುಗಳ ಕ್ರಮ ಅಲ್ಲಲ್ಲಿ ತಪ್ಪಿದರೆ ಚಿಂತೆಯಿಲ್ಲ. ಶಿಲುಬೆಯ ಹತ್ತಿರವೇ ನಿಂತು "ಮುಗೀತು" ಎಂದರೆ ಮಾತ್ರ, ಮಾರನೇ ದಿನ ಏಳನೇ ಹಂತದಿಂದ ಮತ್ತೊಮ್ಮೆ ಹೇಳಿ.